ಕೊನೆಯವರು ಯಾರು

ಹವಾನಾದ ಈ ಓಣಿಯಲ್ಲಿ ಸಾಲು
ಸಾಲಿನ ಹಾಗೆ ಕಾಣುವುದಿಲ್ಲ.
ಔಷಧಿ ಅಂಗಡಿಯ ಶಟರ್ ಎತ್ತಿದರೆ
ಎದುರಿಗೆ ಯಾರೂ ನಿಂತಿರುವುದಿಲ್ಲ.
ಒಬ್ಬಳು ಎದುರು ಮನೆಯ ಮೆಟ್ಟಿಲಲ್ಲಿ ಅಕ್ಕಿ ಆರಿಸುತ್ತ,
ನಾಲ್ವರು ಮರದ ಬುಡದಲ್ಲಿ ಡಾಮಿನೋ ಕುಟ್ಟುತ್ತ,
ಒಬ್ಬ, ನಿಂತ ಕಾರಿನ ನೆರಳು ಸರಿದ ಹಾಗೆ
ತಾನೂ ಸರಿಯುತ್ತ.

ನಮ್ಮ ಮಾತಿನಲ್ಲಿ ಸಾಲಿಗೆ ಬಾಲ ಅನ್ನುತ್ತಾರೆ.
ತಲೆ ಇರುವುದು ನನ್ನ ಬಾಗಿಲಲ್ಲಿ;
ಬಾಲ ಎಲ್ಲಿ ಮಲಗಿದೆಯೋ ನನಗೆ ಕಾಣದು.

ಬಂದವರು ಬಂದಕೂಡಲೇ ಗಾಳಿಗೆ ಕೂಗುತ್ತಾರೆ:
"ಕೊನೆಯವರು ಯಾರು?"
ಎಲ್ಲಿಂದಲೋ ಒಂದು ಕೈ ಏಳುತ್ತದೆ. "ನಾನು.
ನನ್ನ ಮುಂದೆ ಹಸಿರು ಕೊಡೆಯ ಹೆಂಗಸು,
ಅವಳ ಮುಂದೆ ಕೈಗೆ ಪ್ಲಾಸ್ಟರ್ ಹಾಕಿದ ಹುಡುಗ."
ಅಷ್ಟೇ. ಕೊನೆ ಕೈ ಬದಲಾಯಿತು.
ಕೊಟ್ಟವಳ ಮುಖ ನೋಡಬೇಕು ಆಗ.
ಒಂದು ಹೆಜ್ಜೆ ಮುಂದೆ ಹೋಗಿಲ್ಲ ಅವಳು,
ಆದರೂ ತುಂಬಿದ ಕೊಡ ಇಳಿಸಿದವಳಂತೆ
ಸೊಂಟ ನೇರ ಮಾಡಿಕೊಂಡು ನೆರಳು ಹುಡುಕುತ್ತಾಳೆ.
ಹಿಂದೆ ಒಬ್ಬರಿದ್ದರೆ ಸಾಕು ಮನುಷ್ಯರಿಗೆ;
ಮುಂದೆ ಎಷ್ಟು ಜನ ಅನ್ನುವುದು ಆಮೇಲಿನ ಮಾತು.

ಹತ್ತೊಂಬತ್ತು ವರ್ಷ ಕೌಂಟರಿನ ಹಿಂದೆ ನಿಂತು
ನಾನು ಕಲಿತದ್ದು:
ಗೋಡೆ ಗಡಿಯಾರ ಕೆಟ್ಟರೆ ರಿಪೇರಿ ಮಾಡಿಸಬಾರದು.
ಕೂತದ್ದು ಹೊರಗಿನವರಿಗೆ ಕಾಣಬಾರದು,
ಕೆಲಸವಿಲ್ಲದಿದ್ದರೆ ಖಾಲಿ ಡಬ್ಬಿಗಳನ್ನೇ
ಅತ್ತಲಿಂದ ಇತ್ತ ಇಡುತ್ತಿರಬೇಕು.
ಗರ್ಭಿಣಿಯನ್ನು ಮುಂದೆ ಬಿಟ್ಟರೆ ಯಾರೂ ಏನೂ ಅನ್ನರು.
ಒಮ್ಮೆ ನಾದಿನಿಯನ್ನು ಬಿಟ್ಟೆ,
ಆರು ತಿಂಗಳು ಓಣಿ ನನ್ನನ್ನು ಮಾತಾಡಿಸಲಿಲ್ಲ.

ಈ ಗುರುವಾರ ಲಾರಿ ತಂದದ್ದು
ರಕ್ತದೊತ್ತಡದ ಮಾತ್ರೆ, ಇಪ್ಪತ್ತಮೂರು ಸ್ಟ್ರಿಪ್.
ಎರಡು ಸಲ ಎಣಿಸಿದೆ. ಇಪ್ಪತ್ತಮೂರೇ.
ಸಾಲಿದೆ, ಸಾಲದು.
ಹೇಳದಿದ್ದರೆ ಮಧ್ಯಾಹ್ನದ ತನಕ ಆಸೆಯಲ್ಲಿ ಬೇಯುತ್ತಾರೆ.
ಹೇಳೋಣವೆಂದರೆ, ಯಾರಿಗೆ?
ಇಪ್ಪತ್ತನಾಲ್ಕನೆಯವರ ಮುಖ ಯಾವುದು?

ಓಣಿಗೆ ಇಳಿದು ನಾನೇ ಕೂಗಿದೆ, "ಕೊನೆಯವರು ಯಾರು?"
ಬಿಳಿ ಕೋಟಿನವಳು ಕೇಳಿದ್ದಕ್ಕೆ ಕೆಲವರು ನಕ್ಕರು.
ಕೊನೆಯಿಂದ ಹಿಡಿದೆ ದಾರವನ್ನು:
ನಿಮ್ಮ ಮುಂದೆ ಯಾರು, ನಿಮ್ಮ ಮುಂದೆ, ನಿಮ್ಮ ಮುಂದೆ,
ಮೆಟ್ಟಿಲಿಂದ ಮರಕ್ಕೆ, ಮರದಿಂದ ಕಿಟಕಿಗೆ,
ಕಿಟಕಿಯಿಂದ ಕ್ಷೌರದಂಗಡಿಯ ಕುರ್ಚಿಗೆ.
ಅರ್ಧ ಗಡ್ಡ ಹೋದವನು ನೊರೆಯೊಳಗಿಂದಲೇ
"ನನ್ನ ಮುಂದೆ ರೆಗ್ಲಾ" ಅಂದ.
ಇಡೀ ಸಾಲು ಯಾರ ತಲೆಯಲ್ಲೂ ಇರಲಿಲ್ಲ,
ಒಬ್ಬೊಬ್ಬರ ಹತ್ತಿರ ಒಂದೊಂದು ಗಂಟು.
ಮೂವತ್ತೊಂದು ಗಂಟು.
ನಾನು ಎಣಿಸುತ್ತಿರುವುದು ತಿಳಿದು
ಡಾಮಿನೋ ಸದ್ದು ನಿಂತಿತು.

ತಲೆ ಮುಟ್ಟಿ ತಿರುಗಿ ಬಂದೆ.
ಇಪ್ಪತ್ತನಾಲ್ಕು: ಎಬೆಲಿಯೊ,
ಮಡಚು ಕುರ್ಚಿ, ಮೊಣಕಾಲ ಮೇಲೆ ಟೋಪಿ.
ನಾನು ಬಾಯಿ ತೆರೆಯುವ ಮೊದಲೇ ಅಂದ:
"ಗೊತ್ತು. ಬೆಳಿಗ್ಗೆ ಗಾಜಿನಾಚೆ ನೀನು ಎಣಿಸುವಾಗ
ತುಟಿ ನೋಡಿದೆ."
ಮತ್ತೆ ಯಾಕೆ ಕೂತೆ?
"ಎದ್ದರೆ ಹಿಂದಿನ ಏಳು ಜನಕ್ಕೆ ಅರ್ಥವಾಗಿಬಿಡುತ್ತದೆ.
ಅಲ್ಲದೆ ಓದಾಲಿಸ್, ಮನೆಯಲ್ಲೂ ಕಾಯುವುದೇ.
ಅಲ್ಲಿ ಯಾರ ಹಿಂದೆ ಅಂತ ಕೂರಲಿ?"

ಹೇಳಿದೆ, ಏಳು ಜನಕ್ಕೂ.
ಒಬ್ಬಳು ನನ್ನ ತಾಯಿಯನ್ನು ಬೈದಳು.
ಒಬ್ಬ, ಎಲ್ಲಕ್ಕಿಂತ ಕಿರಿಯ,
"ಮುಂಚೆಯೇ ಹೇಳಬಾರದಿತ್ತೇ" ಅಂದ, ಗಂಟೆ ಒಂಬತ್ತೂಕಾಲು.
ಎಬೆಲಿಯೊ ಕುರ್ಚಿ ಮಡಚಲು ತುಂಬ ಹೊತ್ತು ತೆಗೆದುಕೊಂಡ.

ಸಂಜೆ ಕೋಟು ಬಿಚ್ಚಿ, ಚೀಲ ಹಿಡಿದು
ಬ್ರೆಡ್ಡಿನಂಗಡಿಯ ಮೂಲೆಗೆ ಬಂದು ಕೂಗಿದೆ.
ಜನರಾಚೆ ಒಂದು ಟೋಪಿ ಮೇಲೆದ್ದಿತು.
"ನಾನು," ಅಂದ, ಮುಖವೆಲ್ಲ ಅರಳಿಸಿಕೊಂಡು,
"ನನ್ನ ಮುಂದೆ ಆ ಸೈಕಲ್ಲಿನ ಹುಡುಗಿ."
ನೆನಪಿಟ್ಟುಕೊಂಡೆ.
ಒಳಗೆ ಎಷ್ಟಿದೆಯೆಂದು ಇಬ್ಬರೂ ಕೇಳಲಿಲ್ಲ.
ಕಿಟಕಿಯಾಚೆ ಹಿಟ್ಟು ಮೆತ್ತಿದ ಹುಡುಗನೊಬ್ಬ
ಬ್ರೆಡ್ಡು ಜೋಡಿಸುತ್ತಿದ್ದ;
ನಾವು ಅವನ ತುಟಿಯನ್ನೇ ನೋಡುತ್ತ ನಿಂತೆವು.